ಕಾಲು ತೊಳೆಯುವ ಗುರುವಾರ, ಮಂಗಳೂರಿನಲ್ಲಿ

ಬುಧವಾರ

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮಂಗಳೂರು. ನಡುವೆ ನಿದ್ದೆ, ಹೇಳುವಂಥದ್ದೇನಿಲ್ಲ. ಇಳಿದ ಮೇಲಿನ ಸೆಕೆಯನ್ನು ಮಾತ್ರ ಹೇಳಲೇಬೇಕು. ಧಾರವಾಡದವರಿಗೆ ಬಿಸಿಲು ಹೊಸದಲ್ಲ. ಆದರೆ ನೆರಳಲ್ಲಿ ಸುಮ್ನೆ ನಿಂತರೂ ಬೆನ್ನ ಮೇಲೆ ನೀರಿಳಿಯುವ ಈ ಬೆವರು ಬೇರೆಯೇ. ಈಸ್ಟರಿಗೆ ಮುಂಚಿನ ಪವಿತ್ರ ವಾರ ಬರುವುದು ಮಾರ್ಚ್ ಕೊನೆಗೆ ಇಲ್ಲವೇ ಏಪ್ರಿಲ್‌ನಲ್ಲಿ. ಆಗ ಇಲ್ಲಿಗೆ ಬರುವವರು ಹತ್ತಿಯ ಅಂಗಿಗಳನ್ನು ಎಣಿಸಿದ್ದಕ್ಕಿಂತ ಎರಡು ಜಾಸ್ತಿಯೇ ತರಬೇಕು.

ನಮ್ಮದು ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟೆಂಟ್ ಮಿಶನರಿಗಳ ಪರಂಪರೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಶುಭ ಶುಕ್ರವಾರದ ಹಿಂದಿನ ರಾತ್ರಿ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಓದುತ್ತೇವೆ, ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುತ್ತೇವೆ, ಮನೆಗೆ ಹೋಗುತ್ತೇವೆ. ಯೇಸುಸ್ವಾಮಿ ಊಟದ ನಡುವೆ ಎದ್ದು, ಮೇಲುವಸ್ತ್ರ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಕಥೆ ನನಗೆ ಬಾಯಿಪಾಠ. ಆದರೆ ಯಾರಾದರೂ ಯಾರದ್ದಾದರೂ ಕಾಲು ತೊಳೆಯುವುದನ್ನು ಕಣ್ಣಾರೆ ನೋಡಿರಲಿಲ್ಲ. ಕಥೋಲಿಕರ ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಅದು ಪ್ರತಿ ವರ್ಷ ಪವಿತ್ರ ಗುರುವಾರ ನಡೆಯುತ್ತದೆ. "ಬಂದು ನೋಡು ಮಾರಾಯ, ಫೋನಲ್ಲಿ ಎಷ್ಟು ಅಂತ ಹೇಳುವುದು" ಎಂದು ಮಂಗಳೂರಿನ ಗೆಳೆಯ ಕರೆದ. ಹೊರಟೆ.

ಅವನಿಗೆ ಹಗಲು ಕೆಲಸ. ಬನ್ಸ್ ತಿಂದು, ನಾನೊಬ್ಬನೇ ಬಾವುಟಗುಡ್ಡೆ ಹತ್ತಿದೆ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಅಲ್ಲಿದೆ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಅದು ಒಳ್ಳೆಯದೇ ಆಯಿತು, ಮೊಬೈಲು ಕಿಸೆಯಲ್ಲೇ ಉಳಿಯಿತು. ಗೋಡೆ, ಚಾವಣಿ, ಕಂಬದ ಮೇಲಿನ ಕಮಾನು, ಎಲ್ಲಿ ನೋಡಿದರೂ ಚಿತ್ರ. ಕತ್ತೆತ್ತಿ ನಿಂತಿದ್ದ ನನ್ನನ್ನು ನೋಡಿ ಅಲ್ಲಿ ಕಸ ಗುಡಿಸುತ್ತಿದ್ದ ಹಿರಿಯರೊಬ್ಬರು "ನಿಂತು ನೋಡಿದ್ರೆ ನಾಳೆ ಕುತ್ತಿಗೆ ತಿರುಗುವುದಿಲ್ಲ. ಬೆಂಚಲ್ಲಿ ಒರಗಿ ಕೂತ್ಕೊಳ್ಳಿ" ಎಂದರು. ನೀವೂ ಹಾಗೇ ಮಾಡಿ.

ಇಷ್ಟನ್ನೂ ಬರೆದವರು ಅಂಟೋನಿಯೋ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಬಳಿಯವರು. ಯೇಸುಸಭೆಯೆಂಬ ಕಥೋಲಿಕ ಸಂಘದಲ್ಲಿ (ಜೆಸ್ವಿಟರು) ಅವರು ಗುರು, ಅಂದರೆ ಪಾದ್ರಿ ಆಗಿರಲಿಲ್ಲ, ಬ್ರದರ್ ಆಗಿದ್ದರು. ಪೂಜೆ ಅರ್ಪಿಸುವ, ಪ್ರಸಂಗ ಮಾಡುವ ಹುದ್ದೆ ಅದಲ್ಲ. ಹೇಳಿದ ಕಡೆ ಹೋಗಿ ಹೇಳಿದ ಕೆಲಸ ಮಾಡುವವರು. 1899ರಿಂದ 1901ರವರೆಗೆ ಈ ಸೆಕೆಯಲ್ಲಿ ಅಟ್ಟಣಿಗೆಯ ಮೇಲೆ ನಿಂತು ಬರೆದರು, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಅವರು ಚಿತ್ರಿಸಿದ ಬದುಕು ಅಲೋಶಿಯಸ್ ಗೊನ್ಸಾಗನದು. 1568ರಲ್ಲಿ ಇಟಲಿಯ ಒಂದು ಪಾಳೆಯಗಾರ ಮನೆತನದ ಹಿರಿಯ ಮಗನಾಗಿ ಹುಟ್ಟಿದವನು. ಸಂಸ್ಥಾನ ಅವನಿಗೇ ಬರಬೇಕಿತ್ತು. ಅದನ್ನು ತಮ್ಮನಿಗೆ ಬರೆದುಕೊಟ್ಟು ಯೇಸುಸಭೆ ಸೇರಿದ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಬಂದಾಗ ರೋಗಿಗಳನ್ನು ಎತ್ತಿ ತರುವ, ತೊಳೆಯುವ ಕೆಲಸಕ್ಕಿಳಿದ. ಆ ಕೆಲಸ ಅವನಿಗೆ ಹೇಸಿಗೆ ಹುಟ್ಟಿಸುತ್ತಿತ್ತಂತೆ. ಆದರೂ ಬಿಡಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಸತ್ತ, 23ರ ವಯಸ್ಸಿಗೆ. ನನಗೆ ಹಿಡಿಸಿದ್ದು ಆ ಹೇಸಿಗೆಯ ವಿಷಯ. ಸಂತರೆಂದರೆ ಕೀವು ರಕ್ತ ಕಂಡರೂ ಮುಖದಲ್ಲಿ ನಗು ಇಟ್ಟುಕೊಂಡವರು ಅಂತ ನಮ್ಮ ಕ್ಯಾಲೆಂಡರುಗಳು ತೋರಿಸುತ್ತವೆ. ಇವನಿಗೆ ಮೂಗು ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು, ಮುಚ್ಚಿಕೊಳ್ಳಲಿಲ್ಲ, ಅಷ್ಟೆ.

ಮಧ್ಯಾಹ್ನ ಕಂಕನಾಡಿ. ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರು ಕೇಳದವರು ಈ ಭಾಗದಲ್ಲಿಲ್ಲ. ಜರ್ಮನಿಯ ಅಗಸ್ಟಸ್ ಮುಲ್ಲರ್ ಕಾಲೇಜಿನಲ್ಲಿ ಪಾಠ ಹೇಳಲು ಬಂದ ಪಾದ್ರಿ. ಜೊತೆಗೆ ಹೋಮಿಯೋಪತಿ ಗುಳಿಗೆ ಕೊಡುತ್ತಿದ್ದರು. 1880ರಲ್ಲಿ ಅದು ಬಡವರ ಔಷಧಾಲಯವಾಯಿತು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವಾಯಿತು, ಪ್ಲೇಗು ಬಂದಾಗ ಅದಕ್ಕೂ ಬೇರೆ ಆಸ್ಪತ್ರೆಯಾಯಿತು. 1910ರಲ್ಲಿ ಅವರು ತೀರಿಕೊಂಡರು. ಈಗ ಅಲ್ಲಿ ಮೆಡಿಕಲ್ ಕಾಲೇಜೇ ಇದೆ. ಜನ, ಆಂಬುಲೆನ್ಸ್, ಪಾರ್ಕಿಂಗ್ ಗಲಾಟೆ, ಎಲ್ಲ ದೊಡ್ಡ ಆಸ್ಪತ್ರೆಗಳ ಹಾಗೆಯೇ.

ಹತ್ತಿರದ ಹೋಟೆಲಿನಲ್ಲಿ ಪುನರ್ಪುಳಿ ಶರಬತ್ತು ಕುಡಿಯುತ್ತಾ ಕೂತಾಗ ಎದುರಿಗೆ ಕಾಸರಗೋಡಿನ ಕಡೆಯವರೊಬ್ಬರು. ಅಮ್ಮನನ್ನು ಸೇರಿಸಿದ್ದಾರೆ, ಇವರು ಜೊತೆಗಿರುವವರು. ನಾನು ಬಂದ ಕಾರಣ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಅವರು ಹೇಳಿದರು, "ನಿನ್ನೆ ಒಬ್ಬಳು ಸಿಸ್ಟರ್ ಬಂದು ಅಮ್ಮನ ಕಾಲುಗುರು ಕತ್ತರಿಸಿದಳು. ಚಿಕ್ಕ ಹುಡುಗಿ. ಅಮ್ಮ ನಾಚಿಕೆಯಿಂದ ಕಾಲು ಎಳ್ಕೊಂಡು ಎಳ್ಕೊಂಡು ಸಾಕಾಯ್ತು. ಬೇಡ ಮಗಳೇ, ಬೇಡ ಅಂತ."

"ಆಮೇಲೆ?"

"ಆಮೇಲೆಂತ? ಅವಳು ಬಿಡಬೇಕಲ್ಲ. ಹೀಗೆ ಎಳೆದ್ರೆ ಬೆರಳು ಹೋಗ್ತದೆ ಅಜ್ಜೀ ಅಂದಳು. ಅಮ್ಮ ಸುಮ್ಮನಾದ್ರು."

ಅವರು ಶರಬತ್ತಿನ ದುಡ್ಡು ನನಗೆ ಕೊಡಲು ಬಿಡಲಿಲ್ಲ.

ಗುರುವಾರ

ಬೆಳಿಗ್ಗೆ ನಮ್ಮ ಕಡೆಯ ನೆಂಟಸ್ತಿಕೆಗೆ, ಬಾಸೆಲ್ ಮಿಶನ್ನಿನ ಹಳೆಯ ನೆಲೆಯಾದ ಬಲ್ಮಠಕ್ಕೆ ಹೋದೆ. ಬಾಸೆಲ್ ಮಿಶನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಅದೇ ಮಿಶನ್ನಿನ ಮೋಗ್ಲಿಂಗರ ಕೈಯಿಂದ ಹೊರಟದ್ದು ಇದೇ ಊರಲ್ಲಿ. ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಸುಮಾರು 70,000 ಶಬ್ದ. ಒಂದೊಂದು ಶಬ್ದಕ್ಕೆ ಒಂದೊಂದು ಚೀಟಿ ಅಂದುಕೊಂಡರೂ ನನಗೆ ತಲೆ ತಿರುಗುತ್ತದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿನ ಮುಂದೆ ದಿನಾ ಓಡಾಡುವ ನಾನು ಇಲ್ಲಿ ಮರದ ಕೆಳಗೆ ಸ್ವಲ್ಪ ಹೊತ್ತು ಕೂತೆ.

ಆದರೆ ಒಂದು ಮಾತು ಹೇಳಬೇಕು. ಆ ಕಾಲದ ಮಿಶನರಿಗಳು ಊರಿಗೆ ಬರೆದ ವರದಿಗಳನ್ನು ಓದಿದರೆ ಕೆಲವು ಕಡೆ ಮುಜುಗರವಾಗುತ್ತದೆ. ಇಲ್ಲಿಯ ಜನರ ದೇವರು, ಆಚಾರ, ಬುದ್ಧಿ ಎಲ್ಲದರ ಬಗ್ಗೆ ಮೇಲಿನಿಂದ ಕೆಳಗೆ ನೋಡುವ ಮಾತು. ಶಾಲೆ ಕಟ್ಟಿದರು, ಹಂಚಿನ ಕಾರ್ಖಾನೆ ಕಟ್ಟಿ ಕೆಲಸ ಕೊಟ್ಟರು, ನುಡಿಗೆ ನಿಘಂಟು ಕೊಟ್ಟರು. ಇದೆಲ್ಲ ಸೇವೆಯೇ, ನಮ್ಮ ಮನೆತನವೇ ಅದರ ಫಲ. ಆದರೂ ಎತ್ತರದಲ್ಲಿ ನಿಂತು ಕೈ ಚಾಚಿ ಕೊಡುವ ಸೇವೆ ಒಂದು, ನೆಲಕ್ಕೆ ಕೂತು ಮಾಡುವ ಸೇವೆ ಇನ್ನೊಂದು. ಎರಡೂ ಒಂದೇ ಮನುಷ್ಯನೊಳಗೆ ಇರುತ್ತವೆ, ಕಷ್ಟ ಇರುವುದೇ ಅಲ್ಲಿ.

ಊಟಕ್ಕೆ ಗೆಳೆಯನ ಮನೆ. ಅವನ ಅಮ್ಮ ನೀರು ದೋಸೆ ಹಾಕುತ್ತಲೇ ಇದ್ದರು. "ಬಾಬಾ, ಇನ್ನೊಂದು" ಎಂದಾಗಲೆಲ್ಲ ಎರಡು ಬೀಳುತ್ತಿತ್ತು. ತಪಸ್ಸುಕಾಲವಾದ್ದರಿಂದ ಮಾಂಸವಿಲ್ಲ, ಬಂಗುಡೆ ಇತ್ತು. ಮನೆಯ ವಿಷಯವೆಲ್ಲ ಅವತ್ತು ಗೆಳೆಯನ ಸೋದರಮಾವನ ಸುತ್ತ. ಸಂಜೆ ಕಾಲು ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ಅವರೂ ಒಬ್ಬರು. ಹಂಚಿನ ಕಾರ್ಖಾನೆಯಿಂದ ನಿವೃತ್ತರಾದವರು, ಎಪ್ಪತ್ತು ದಾಟಿದೆ. ಹಿತ್ತಲ ಬಾವಿಕಟ್ಟೆಯ ಹತ್ತಿರ ಕೂತು ಕಲ್ಲಿನಿಂದ ಹಿಮ್ಮಡಿ ಉಜ್ಜುತ್ತಿದ್ದರು.

"ತೊಳೆಯುವುದಕ್ಕೆ ಫಾದರ್ ಇದ್ದಾರಲ್ಲ ಮಾವ, ನೀವ್ಯಾಕೆ?" ಎಂದೆ.

"ಈ ಕಾಲು ನೋಡಿದ್ರೆ ಫಾದರ್ ಓಡಿ ಹೋಗ್ತಾರೆ" ಎಂದರು. ಒಳಗಿನಿಂದ ಅವರ ಅಕ್ಕನ ದನಿ ಬಂತು, "ಕಾಲಿಗಿಂತ ಬಾಯಿ ತೊಳ್ಕೋ ಅಂತ ಹೇಳು ಅವನಿಗೆ."

ವಿಷಯ ಆಮೇಲೆ ತಿಳಿಯಿತು. ಮಾವನಿಗೂ ಆ ಇಗರ್ಜಿಯ ಗುರುಗಳಿಗೂ ಆಗುವುದಿಲ್ಲ. ಸಭಾಭವನದ ಬಾಡಿಗೆಯ ಲೆಕ್ಕ ಸರಿಯಾಗಿ ತೋರಿಸಿಲ್ಲ ಅಂತ ಮಾವ ಸಭೆಯಲ್ಲಿ ಎದ್ದು ಕೇಳಿದ್ದರು. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಹಾಗಿರುವಾಗ ಹನ್ನೆರಡು ಜನರ ಪಟ್ಟಿಯಲ್ಲಿ ಇವರ ಹೆಸರು ಸೇರಿಸಿದವರು ಸ್ವತಃ ಗುರುಗಳೇ!

ನಾಲ್ಕೂವರೆಗೆ ಆಕಾಶ ಕಪ್ಪಾಯಿತು. ಬೇಸಗೆಯ ಮಳೆ ಇಲ್ಲಿ ಹೇಳಿ ಬರುವುದಿಲ್ಲ. ಗುಡುಗು, ಕರೆಂಟು ಹೋಯಿತು, ಮುಕ್ಕಾಲು ಗಂಟೆ ಸುರಿಯಿತು. ಇಗರ್ಜಿಯ ಅಂಗಳದಲ್ಲಿ ಏನೋ ಕೆಲಸಕ್ಕೆ ಕೆಂಪು ಮಣ್ಣು ಸುರಿದಿದ್ದರು. ನಾವು ಹೋಗುವಾಗ ಅದು ಪೂರ್ತಿ ಕೆಸರು. ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದ ಮಾವನ ಕಾಲು ಗಂಟಿನವರೆಗೆ ಕೆಂಪು. ಪಂಚೆ ಎತ್ತಿ ನಿಂತು ಕಾಲನ್ನೇ ನೋಡಿಕೊಂಡರು. ತೊಳೆದುಕೊಳ್ಳೋಣ ಅಂದರೆ ನಲ್ಲಿಯ ಮುಂದೆ ಉದ್ದ ಸಾಲು, ಒಳಗೆ ಹಾಡು ಶುರುವಾಗಿತ್ತು.

ಪೂಜೆ ಕೊಂಕಣಿಯಲ್ಲಿ. ನನಗೆ ಅರ್ಥವಾದದ್ದು ಕಾಲು ಭಾಗ. ಸುವಾರ್ತೆ ಯಾವುದೆಂದು ಗೊತ್ತಿದ್ದರಿಂದ ಕಷ್ಟವಾಗಲಿಲ್ಲ. ಬೇಗ ಹೋಗಿ ಬದಿಯ ಬಾಗಿಲ ಹತ್ತಿರ ಕೂತರೆ ಒಳ್ಳೆಯದು. ಹಿಂದೆ ಕೂತರೆ ಈ ಭಾಗದಲ್ಲಿ ಬೆನ್ನುಗಳು ಮಾತ್ರ ಕಾಣುತ್ತವೆ.

ಹನ್ನೆರಡು ಕುರ್ಚಿ. ಮಾವ, ಇಬ್ಬರು ಹುಡುಗರು, ಮೀನು ಮಾರುವ ಹೆಂಗಸು, ಇಲ್ಲಿ ಕಟ್ಟಡ ಕೆಲಸಕ್ಕೆ ಬಂದಿರುವ ಝಾರ್ಖಂಡಿನ ಯುವಕ, ನರ್ಸಿಂಗ್ ಓದುವ ಹುಡುಗಿ, ಹೀಗೆ. ಮೊದಲು ಗಂಡಸರು ಮಾತ್ರ ಇರುತ್ತಿದ್ದರು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿನ ಹುಡುಗ ಹುಡುಗಿಯರ ಕಾಲು ತೊಳೆದರು, ಅವರಲ್ಲಿ ಮುಸ್ಲಿಮರೂ ಇದ್ದರು. 2016ರಲ್ಲಿ ನಿಯಮವನ್ನೇ ಬದಲಿಸಿ ಹೆಂಗಸರೂ ಕೂರಬಹುದು ಎಂದರು.

ಗುರುಗಳು ಮೇಲಿನ ಪೂಜಾವಸ್ತ್ರ ತೆಗೆದಿಟ್ಟರು. ಸೊಂಟಕ್ಕೆ ಬಿಳಿ ಟವೆಲು. ದಪ್ಪ ಮನುಷ್ಯ, ಮಂಡಿ ನೋವು ಬೇರೆ ಇರಬೇಕು, ಒಂದೊಂದು ಕುರ್ಚಿಯ ಮುಂದೆ ಕೂರುವಾಗಲೂ ಏಳುವಾಗಲೂ ಹುಡುಗನೊಬ್ಬ ತೋಳು ಹಿಡಿಯುತ್ತಿದ್ದ. ಬೇರೆ ವರ್ಷ ಎರಡು ಹನಿ ನೀರು ಹಾಕಿ ಒರೆಸುತ್ತಾರಂತೆ. ಅವತ್ತು ಅದು ಸಾಧ್ಯವೇ ಇರಲಿಲ್ಲ. ಕೆಸರಿತ್ತು. ಹೂಜಿಯ ನೀರು ಮೂರನೆಯವರಿಗೇ ಮುಗಿಯಿತು, ಬಕೆಟ್ ತರಿಸಿದರು. ಟವೆಲು ಕೆಂಪಾಯಿತು, ಇನ್ನೊಂದು ಬಂತು. ಬೆರಳ ಸಂದಿಗೆ ಬೆರಳು ಹಾಕಿ ಮಣ್ಣು ತೆಗೆಯುತ್ತಿದ್ದರು. ಹಾಡುವವರು ಹಾಡು ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು.

ನಮ್ಮಲ್ಲಿ ಕಾಲು ತೊಳೆಯುವುದು ಹೊಸದೇನಲ್ಲ ಅಲ್ವಾ? ಮದುವೆಯಲ್ಲಿ ಹೆಣ್ಣಿನ ತಂದೆ ತಾಯಿ ಅಳಿಯನ ಕಾಲು ತೊಳೆಯುತ್ತಾರೆ. ಸ್ವಾಮಿಗಳಿಗೆ ಪಾದಪೂಜೆ ಇದೆ. ಆದರೆ ಅಲ್ಲೆಲ್ಲ ನೀರು ಹಾಕುವವರು ಕೆಳಗಿನವರು, ಹಾಕಿಸಿಕೊಳ್ಳುವವರು ಮೇಲಿನವರು. ಇಲ್ಲಿ ಅದು ತಲೆಕೆಳಗು. ಶಿಷ್ಯ ಪೇತ್ರನಿಗೆ ತಡೆಯಲಾಗದ್ದೂ ಇದೇ. "ನೀನು ನನ್ನ ಕಾಲು ತೊಳೆಯಲೇಬಾರದು" ಎಂದ. ನನ್ನ ಮಟ್ಟಿಗೆ ಇಡೀ ಅಧ್ಯಾಯದಲ್ಲಿ ಅತಿ ನಿಜವಾದ ಮಾತು ಅದು. ಇನ್ನೊಬ್ಬರ ಸೇವೆ ಮಾಡುವಾಗ ನಾವು ದೊಡ್ಡವರಾಗಿಯೇ ಉಳಿಯಬಹುದು, ಫೋಟೊ ಕೂಡ ತೆಗೆಸಿಕೊಳ್ಳಬಹುದು. ಸೇವೆ ಮಾಡಿಸಿಕೊಳ್ಳುವಾಗ ಮುಚ್ಚಿಕೊಳ್ಳಲು ಏನೂ ಇರುವುದಿಲ್ಲ. ಕಾಸರಗೋಡಿನ ಆ ಅಮ್ಮ ಕಾಲು ಎಳೆದುಕೊಂಡದ್ದು ಅದಕ್ಕೇ ಇರಬೇಕು.

ಲೂಕನ ಸುವಾರ್ತೆಯ ಪ್ರಕಾರ ಇದೇ ಊಟದ ಮೇಜಿನಲ್ಲಿ ಶಿಷ್ಯರು ನಮ್ಮಲ್ಲಿ ಯಾರು ದೊಡ್ಡವರು ಅಂತ ಜಗಳವಾಡಿದ್ದರು. ಯಾಕೋಬ, ಯೋಹಾನರಂತೂ ಅದಕ್ಕೂ ಮೊದಲೇ ಬಲಗಡೆ ಎಡಗಡೆಯ ಸೀಟು ಕೇಳಿಟ್ಟಿದ್ದರು. ಅಂಥವರ ಕಾಲುಗಳು ಅವು. ಯೇಸುವನ್ನು ಹಿಡಿದುಕೊಟ್ಟ ಯೂದನೂ ಇನ್ನೂ ಎದ್ದು ಹೋಗಿರಲಿಲ್ಲ, ಅವನ ಕಾಲನ್ನೂ ತೊಳೆದಿರಬೇಕು.

ಮಾವನ ಸರದಿ ಬಂತು. ಗುರುಗಳು ಕೂತರು. ಮಾವ ಸೀದಾ ಎದುರಿನ ಗೋಡೆ ನೋಡುತ್ತಿದ್ದರು. ಗುರುಗಳು ಏನೋ ಒಂದು ಮಾತು ಹೇಳಿದ ಹಾಗಿತ್ತು. ಮಾವನ ಮುಖ ಬದಲಾಗಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲರೂ ಕೇಳಿದ್ದೇ ಅದು. ಫಾದರ್ ಏನಂದರು?

"'ಕಾಲು ಸಡಿಲ ಬಿಡಿ ಪೊರ್ಬು' ಅಂದ್ರು. ಮತ್ತೆಂತ ಹೇಳ್ತಾರೆ?" ಪೊರ್ಬು ಎಂದರೆ ಇಲ್ಲಿ ಕಥೋಲಿಕ ಗಂಡಸರನ್ನು ಕರೆಯುವ ಮಾತು. ಸ್ವಲ್ಪ ಹೊತ್ತು ಬಿಟ್ಟು ಮಾವನೇ ಮುಂದುವರಿಸಿದರು. "ಅವರು ಕಾಲು ಹಿಡಿದಾಗ ಎದ್ದು ಹೋಗುವ ಅನಿಸಿತು. ಇನ್ನು ಜಗಳ ಮಾಡುವುದು ಹೇಗೆ ಮಾರಾಯ? ಒಂದು ಕಾಲಲ್ಲಿ ನಿಂತು ಮಾಡಬೇಕಷ್ಟೆ."

"ಹಾಗಾದ್ರೆ ಲೆಕ್ಕ ಕೇಳುವುದು ಬಿಟ್ಟಿರಾ?"

"ಅದು ಹೇಗೆ ಬಿಡುವುದು? ಲೆಕ್ಕ ಲೆಕ್ಕವೇ. ಕೇಳಿಯೇ ಕೇಳ್ತೇನೆ."

ನನಗೆ ಮಾವನ ಮಾತು ಸರಿ ಅನಿಸಿತು. ತಗ್ಗಿ ನಡೆಯುವುದೆಂದರೆ ಕೇಳಬೇಕಾದ್ದನ್ನು ಕೇಳದೆ ಇರುವುದು ಅಂತ ನಮ್ಮ ಸಭೆಗಳಲ್ಲಿ ಕಲಿಸಿಬಿಟ್ಟಿದ್ದಾರೆ. ಕಲಿಸಿದವರು ಹೆಚ್ಚಾಗಿ ಲೆಕ್ಕ ಇಟ್ಟುಕೊಂಡವರೇ.

ಶುಕ್ರವಾರ

ಉಪವಾಸ. ಗಂಟೆ ಬಾರಿಸುವುದಿಲ್ಲ, ಗುರುವಾರ ರಾತ್ರಿಯಿಂದ ಪಾಸ್ಕದವರೆಗೆ, ಅಂದರೆ ಈಸ್ಟರಿನವರೆಗೆ, ಮರದ ಗಿಲಕಿಯ ಟಕಟಕ ಸದ್ದು ಮಾತ್ರ. ಮಧ್ಯಾಹ್ನ ಒಂದೇ ಹೊತ್ತು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಹಿಂದಿನ ದಿನದ ದೋಸೆಗಳ ಮೇಲೆ ಅದು ಹಿತವಾಗಿಯೇ ಇತ್ತು.

ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆದು ಸ್ಥಳದಿಂದ ಸ್ಥಳಕ್ಕೆ ಹೋಗುವ ಪ್ರಾರ್ಥನೆಗೆ ಶಿಲುಬೆಯ ಹಾದಿ ಎನ್ನುತ್ತಾರೆ. ಬೆಳಿಗ್ಗೆ ಅದಕ್ಕೆಂದು ಹೊರಟವನ ಚಪ್ಪಲಿಯ ಉಂಗುಷ್ಠ ಹಂಪನಕಟ್ಟೆಯ ಹತ್ತಿರ ಕಿತ್ತುಬಂತು. ಮಳೆ ಬಂದ ಗುರುತೂ ಇಲ್ಲದ ಬಿಸಿಲು. ಅರ್ಧ ಅಂಗಡಿಗಳು ಮುಚ್ಚಿದ್ದವು. ರಸ್ತೆ ಬದಿಯಲ್ಲಿ ಕೊಡೆ ಬಿಡಿಸಿ ಕೂತಿದ್ದ ಚಪ್ಪಲಿ ಹೊಲಿಯುವವರೊಬ್ಬರು ಸಿಕ್ಕರು. ಪೆಟ್ಟಿಗೆಯ ಮುಚ್ಚಳಕ್ಕೆ ಹರಳಯ್ಯನವರ ಚಿತ್ರ. ನಾನು ಬರಿಗಾಲಲ್ಲಿ ಡಾಂಬರಿನ ಮೇಲೆ ಕುಣಿಯುವುದನ್ನು ನೋಡಿ ತಮ್ಮ ರಬ್ಬರ್ ಚಪ್ಪಲಿಯನ್ನು ಮುಂದೆ ತಳ್ಳಿದರು.

"ಇವ ಹಾಕ್ಕೋರಿ. ಕಾಲ ಸುಡ್ತಾವ."

ಆ ಮಾತು ಕೇಳಿ ಸೆಕೆಯೇ ಮರೆತುಹೋಯಿತು. "ಯಾವೂರ್ರಿ ನಿಮ್ಮದು?"

"ಬಾಗಲಕೋಟಿ ಕಡೆ. ನೀವು ಧಾರವಾಡದಾವ್ರು ಹೌದಿಲ್ಲೋ? ನಿಂತದ್ದ ನೋಡಿ ಗೊತ್ತಾತು."

ನಿಂತದ್ದರಲ್ಲಿ ಏನು ಗೊತ್ತಾಗುತ್ತದೋ. ಹೊಲಿಯುವಷ್ಟು ಹೊತ್ತು ಊರಿನ ಮಳೆ, ಜೋಳದ ರೊಟ್ಟಿ ಇಲ್ಲಿ ಸಿಗದ ಕಷ್ಟ, ಮಗಳ ಡಿಪ್ಲೊಮಾ. ಹರಳಯ್ಯನವರ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಸವಣ್ಣನವರು ತನ್ನ ಶರಣಿಗೆ ಎರಡು ಸಲ ಶರಣು ಎಂದದ್ದು ತನಗೆ ಹೊರೆಯಾಯಿತೆಂದು, ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಅವರಿಗೆ ಪಾದರಕ್ಷೆ ಮಾಡಿದರು ಅನ್ನುವ ಕಥೆ. ಬಸವಣ್ಣನವರೂ ಅದನ್ನು ಮೆಟ್ಟಲು ಒಪ್ಪಲಿಲ್ಲವಂತೆ. ಅಲ್ಲಿಯೂ ತೆಗೆದುಕೊಳ್ಳುವುದೇ ಕಷ್ಟವಾಯಿತು ನೋಡಿ. ಶುಭ ಶುಕ್ರವಾರ ಕಲ್ಯಾಣದ ನೆನಪಾದದ್ದು ನನಗೆ ವಿಚಿತ್ರವೆನಿಸಲಿಲ್ಲ, ಧಾರವಾಡದ ಕ್ರೈಸ್ತರ ತಲೆಯಲ್ಲಿ ಎರಡೂ ಕಥೆ ಒಟ್ಟಿಗೇ ಇರುತ್ತವೆ.

ಶಿಲುಬೆಯ ಹಾದಿಯ ಕೊನೆಯ ಮೂರು ಸ್ಥಳಗಳಿಗೆ ಮಾತ್ರ ಸಿಕ್ಕಿದೆ. ಮೂರು ಗಂಟೆಯ ಆರಾಧನೆಗೆ ಪೂರ್ತಿ ಇದ್ದೆ. ಹೊರಗೆ ನಿಲ್ಲಲೂ ಜಾಗವಿರಲಿಲ್ಲ.

ಶನಿವಾರ

ಪಾಸ್ಕದ ಬೆಳಗಿನ ಆರಾಧನೆಗೆ ಊರಲ್ಲಿರಬೇಕಿತ್ತು. ಹಾಗಾಗಿ ಉಡುಪಿ ನೋಡಿಕೊಂಡು ಅಲ್ಲಿಂದಲೇ ಹುಬ್ಬಳ್ಳಿ ಬಸ್ಸು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು. ಬಲಗಡೆ ಬಿಸಿಲು, ಎಡಗಡೆ ಕೂತರೆ ಬೆಳಿಗ್ಗೆ ಸ್ವಲ್ಪ ನೆರಳು. ಡ್ರೈವರನ ಅವಸರದ ಬಗ್ಗೆ ಬರೆಯುವುದಿಲ್ಲ, ನನ್ನ ಪ್ರಾರ್ಥನೆಗೆ ಒಳ್ಳೆಯದೇ ಆಯಿತು.

ಉಡುಪಿಯಲ್ಲಿ ಮೊದಲು ಮಸಾಲೆ ದೋಸೆ. ಆಮೇಲೆ ಲೊಂಬಾರ್ಡ್ ಆಸ್ಪತ್ರೆ. ಈಗಲೂ ಜನ ಮಿಶನ್ ಆಸ್ಪತ್ರೆ ಎಂದೇ ಕರೆಯುತ್ತಾರೆ, ಆಟೋದವರಿಗೆ ಹಾಗೆಂದರೆ ಸಾಕು. 1923ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ ಶುರು ಮಾಡಿದ್ದು. ಹೆಣ್ಣು ಡಾಕ್ಟರೇ ಅಪರೂಪವಾಗಿದ್ದ ಕಾಲ ಅದು. ಆಸ್ಪತ್ರೆ ನೋಡುವ ಸ್ಥಳವಲ್ಲ, ಹೊರಗಿನ ಬೆಂಚಿನಲ್ಲಿ ಹತ್ತು ನಿಮಿಷ ಕೂತು ಎದ್ದೆ. ಪಕ್ಕದಲ್ಲಿ ಮೊಮ್ಮಗು ನೋಡಲು ಬಂದ ಅಜ್ಜಿ ಇದ್ದರು. ತಾನು ಹುಟ್ಟಿದ್ದೂ ಇಲ್ಲೇ, ಮಗಳು ಹುಟ್ಟಿದ್ದೂ ಇಲ್ಲೇ ಎಂದರು. ಯಾರು ಕಟ್ಟಿಸಿದ್ದು ಗೊತ್ತಾ ಎಂದು ಕೇಳಿದೆ. "ಯಾರೋ ದೊರೆಸಾನಿ ಅಂತೆ" ಎಂದು ನನ್ನ ಕೈಗೆ ಪೇಡೆ ಇಟ್ಟರು. ಈ ಸಲ ನಾನು ಬೇಡ ಅನ್ನಲಿಲ್ಲ.

ಹುಬ್ಬಳ್ಳಿಯ ಬಸ್ಸು ಸಂಜೆ ಸಿಕ್ಕಿತು. ಕುಂದಾಪುರ ದಾಟಿದ ಮೇಲೆ ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಹಗಲಿನ ಬಸ್ಸಾದರೆ ಇದಕ್ಕೆಂದೇ ಎಡಗಡೆ ಕಿಟಕಿ ಹಿಡಿಯಿರಿ. ಭಟ್ಕಳದ ಹತ್ತಿರ ಕತ್ತಲಾಯಿತು. ಅಂಕೋಲೆಯ ಮುಂದೆ ಅರಬೈಲು ಘಟ್ಟದಲ್ಲಿ ಲಾರಿಗಳ ಸಾಲು ಇರುತ್ತದೆ, ಹೊಟ್ಟೆ ತೊಳಸುವವರು ಅದಕ್ಕೂ ಮೊದಲೇ ಏನಾದರೂ ತಿಂದು ಮುಗಿಸಬೇಕು.

ಹೊನ್ನಾವರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗೆಳೆಯನ ಫೋನು. ಹಿಂದೆ ಗಲಾಟೆ. ರಾತ್ರಿಯ ಪಾಸ್ಕ ಜಾಗರಣೆಗೆ ಇಗರ್ಜಿಯ ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದಾರೆ. ಕೆಸರಿನ ಮೇಲೆ ಹಲಗೆ ಹಾಸುವ ಉಸ್ತುವಾರಿ ಮಾವನದು.

"ಫಾದರ್ ಹತ್ತಿರ ಮಾತಾಡಿದ್ರಾ?" ಎಂದೆ.

"ಮಧ್ಯಾಹ್ನದಿಂದ ಇಬ್ಬರೂ ಒಂದೇ ಹಲಗೆ ಹಿಡ್ಕೊಂಡು ಓಡಾಡ್ತಿದ್ದಾರೆ ಮಾರಾಯ. ನಡುವಲ್ಲಿ ಮಾವ ಲೆಕ್ಕದ ವಿಷಯ ತೆಗೆದ್ರು."

"ಅಯ್ಯೋ! ಅವರೇನಂದ್ರು?"

"ಮಂಗಳವಾರ ಪುಸ್ತಕ ತಂದು ತೋರಿಸ್ತೇನೆ, ಈಗ ಆ ತುದಿ ಎತ್ತಿ ಅಂದ್ರಂತೆ."